ಮುಂಬೈ ನೋಡಲು ಬರುವ ನೆಂಟರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮುಲುಂಡಿನ ನಮ್ಮ ಮನೆ ಎಂದರೆ ಒಂದು ಹಾಲು, ಒಂದು ಬೆಡ್‌ರೂಮು, ಇಬ್ಬರು ನಿಂತರೆ ಮೂರನೆಯವರು ಹೊರಗೆ ಹೋಗಬೇಕಾದ ಒಂದು ಅಡುಗೆಮನೆ. ಏಪ್ರಿಲ್ ಬಂತೆಂದರೆ ಇದು ಛತ್ರ. ಅದಕ್ಕೆ ನನ್ನ ತಕರಾರಿಲ್ಲ. ನೀವು ಬರದಿದ್ದರೆ ಇಲ್ಲಿ ಕುಂದಾಪುರದ ಮಾತು ಆಡುವವರು ಯಾರು? ನನ್ನ ತಕರಾರು ಊರಲ್ಲೇ ಪಟ್ಟಿ ಬರೆದು ಕಿಸೆಯಲ್ಲಿಟ್ಟುಕೊಂಡು ಬರುವವರ ಮೇಲೆ. "ಚಿಕ್ಕಿ, ನಾಳೆ ಒಂದೇ ದಿನಕ್ಕೆ ಗೇಟ್‌ವೇ, ಎಲಿಫೆಂಟಾ, ಹಾಜಿ ಅಲಿ, ಸಿದ್ಧಿವಿನಾಯಕ, ಜುಹೂ ಮುಗಿಸಿಬಿಡುವ" ಎನ್ನುತ್ತಾರೆ. ಮುಗಿಸಲಿಕ್ಕೆ ಅದೇನು ಮಳೆಗೆ ಮೊದಲು ಎತ್ತಬೇಕಾದ ಕೊಯ್ಲೇ?

ಈ ಊರಿನಲ್ಲಿ ಜಾಗ ಎಲ್ಲಿದೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಯಾವ ಹೊತ್ತಿಗೆ ಹೋಗಬೇಕು ಎಂಬುದನ್ನು ಹೇಳುವವರು ಕಡಿಮೆ. ಲೋಕಲಿಗೆ ಒಂದು ಹೊತ್ತಿದೆ, ಕಡಲಿಗೆ ಒಂದು ಹೊತ್ತಿದೆ, ಗುಹೆಗಳಿಗೆ ವಾರದ ರಜೆ ಇದೆ. ಹೊತ್ತು ತಪ್ಪಿದರೆ ಮುಂಬೈಯಲ್ಲಿ ನೋಡಲು ಸಿಗುವುದು ಜನರ ಬೆನ್ನು ಮಾತ್ರ. ಕೆಳಗಿನದು ಕೋರಿಕೆ ಅಲ್ಲ, ನಿಯಮ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಯೂ ಇದೆ. ಗಾಡಿ ಹತ್ತುವ ಮೊದಲು ಓದಿಕೊಳ್ಳಿ.

ಬರುವಾಗ

ಮತ್ಸ್ಯಗಂಧದಲ್ಲಿ ಬರುವವರು ಠಾಣೆಯಲ್ಲಿ ಇಳಿಯಿರಿ. ಮುಲುಂಡ್ ಅಲ್ಲಿಂದ ಒಂದೇ ಸ್ಟೇಷನ್. ಟಿಕೆಟ್ ಕುರ್ಲಾ ಟರ್ಮಿನಸ್ಸಿನವರೆಗೆ ಇದೆ, ದುಡ್ಡು ದಂಡ ಮಾಡುವುದೇಕೆ ಎಂದು ಕೊನೆಯ ತನಕ ಹೋಗಬೇಡಿ. ಹೋದಷ್ಟೇ ದಾರಿ ಗಂಟುಮೂಟೆ ಹೊತ್ತು ಹಿಂದೆ ಬರಬೇಕು. ತೆಂಗಿನಕಾಯಿ ತರಬೇಡಿ. ಇಲ್ಲಿಯೂ ತೆಂಗಿನಕಾಯಿ ಸಿಗುತ್ತದೆ, ಅದನ್ನು ಮಾರುವವನೂ ಹೆಚ್ಚಾಗಿ ನಮ್ಮ ಕಡೆಯವನೇ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ತರಬಹುದು. ತರಲೇಬೇಕು.

ನಮ್ಮ ಸೊಸೈಟಿಯಲ್ಲಿ ನೀರು ಬೆಳಿಗ್ಗೆ ಮಾತ್ರ ಬರುತ್ತದೆ. ತಡವಾಗಿ ಏಳುವವರಿಗೆ ಒಂದು ಬಕೆಟ್.

ಲೋಕಲ್

ಮೊದಲಿಗೆ ಇದನ್ನು ಕಲಿಯಿರಿ, ಉಳಿದದ್ದೆಲ್ಲ ಆಮೇಲೆ. ಮುಂಬೈಯಲ್ಲಿ ನೋಡಬೇಕಾದ ದೊಡ್ಡ ಸಂಗತಿ ಯಾವುದು ಎಂದು ನನ್ನನ್ನು ಕೇಳಿದರೆ ಲೋಕಲ್ ಎಂದೇ ಹೇಳುತ್ತೇನೆ. ಆದರೆ ಅದು ನೋಡುವವರಿಗಾಗಿ ಓಡುವ ಗಾಡಿಯಲ್ಲ, ಕೆಲಸಕ್ಕೆ ಹೋಗುವವರದ್ದು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಇಡೀ ಊರು ದಕ್ಷಿಣಕ್ಕೆ ಹೋಗುತ್ತದೆ. ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಅದೇ ಊರು ಉತ್ತರಕ್ಕೆ ಮರಳುತ್ತದೆ. ಆದ್ದರಿಂದ ಬೆಳಿಗ್ಗೆ ಏಳರೊಳಗೆ ಹೊರಡಿ, ಇಲ್ಲವೇ ತಿಂಡಿ ತಿಂದು, ಪೇಪರ್ ಓದಿ, ಹನ್ನೊಂದರ ಮೇಲೆ ಹೊರಡಿ. ವಾಪಸು ಬರುವುದು ಐದರೊಳಗೆ, ಅದು ತಪ್ಪಿದರೆ ರಾತ್ರಿ ಊಟ ಮುಗಿಸಿಕೊಂಡೇ. ಒಂಬತ್ತು ಗಂಟೆಯ ಗರ್ದಿಯಲ್ಲಿ ಮಗುವನ್ನು ಎತ್ತಿಕೊಂಡು ದಾದರಿನಲ್ಲಿ ಇಳಿಯುತ್ತೇನೆ ಎನ್ನುವವರನ್ನು ನಾನು ಮನೆಯಿಂದ ಹೊರಗೆ ಬಿಡುವುದಿಲ್ಲ.

ಗಾಡಿ ಒಂದು ಸ್ಟೇಷನ್ನಿನಲ್ಲಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಇಳಿಯಬೇಕಾದವರು ಹಿಂದಿನ ಸ್ಟೇಷನ್ ಬಿಡುವಾಗಲೇ ಬಾಗಿಲಿನ ಕಡೆ ಸರಿಯಿರಿ. ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆ ಎಂದು ಕೇಳಿಕೊಳ್ಳಿ. ಮುಂದೆ ನಿಂತವರನ್ನು "ಉತರ್ನಾ ಹೈ ಕ್ಯಾ?" ಎಂದು ಕೇಳಿ, ಹೌದು ಎಂದರೆ ಅವರ ಬೆನ್ನಿಗಿರಿ, ಇಲ್ಲ ಎಂದರೆ ಜಾಗ ಬದಲಿಸಿಕೊಳ್ಳಿ. ಮೂವರ ಸೀಟಿನಲ್ಲಿ ನಾಲ್ಕನೆಯವರು ಬಂದು ನಿಂತರೆ ಸರಿದು ಕೂರಿ. ಅದು ಇಲ್ಲಿನ ಕಾನೂನು, ಯಾವ ಪುಸ್ತಕದಲ್ಲೂ ಬರೆದಿಲ್ಲ. ಬೆನ್ನಿಗೆ ಹಾಕುವ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ.

ಬಾಗಿಲಲ್ಲಿ ಜೋತು ನಿಂತು ಫೋಟೋ ತೆಗೆಯಬಾರದು. ಹಳಿ ದಾಟಬಾರದು, ಸೇತುವೆ ಇರುವುದು ಅದಕ್ಕೇ, ಮೊಣಕಾಲು ನೋವಿನವರಿಗೆ ಲಿಫ್ಟೂ ಅನೇಕ ಕಡೆ ಇದೆ. ಡಬ್ಬಿಯ ಮೇಲೆ ಓರೆಗೆರೆ ಕಂಡರೆ ನಿಂತು ಓದಿ, ಆಮೇಲೆ ಹತ್ತಿ: ಫಸ್ಟ್ ಕ್ಲಾಸ್ ಇರಬಹುದು, ಹೆಂಗಸರ ಡಬ್ಬಿ ಇರಬಹುದು. "ಗೊತ್ತಿರಲಿಲ್ಲ" ಎಂದರೆ ಟಿ.ಸಿ. ನಗುತ್ತಾರೆ, ದಂಡದ ರಸೀದಿಯನ್ನೂ ಬರೆಯುತ್ತಾರೆ. ಭಾನುವಾರ ಹೊರಡುವ ಮೊದಲು ಮೆಗಾ ಬ್ಲಾಕ್ ಎಲ್ಲಿಂದ ಎಲ್ಲಿಗೆ ಎಂದು ನೋಡಿಕೊಳ್ಳಿ. ರಿಪೇರಿಗೆಂದು ಹಗಲೆಲ್ಲ ಒಂದು ಲೈನನ್ನೇ ಮುಚ್ಚುತ್ತಾರೆ. ಆ ದಿನ ಇದ್ದಬದ್ದ ಗಾಡಿಗಳಲ್ಲಿ ಸೋಮವಾರದ ಗರ್ದಿಯೇ.

ಪಶ್ಚಿಮದ ಲೈನಿನಲ್ಲಿ ಬೋರಿವಲಿಗೋ ಅಂಧೇರಿಗೋ ಹೋಗುವವರು ಸಂಜೆ ವಿರಾರ್ ಫಾಸ್ಟ್ ಹತ್ತಬಾರದು. ಅದರಲ್ಲಿ ದಿನಾ ಹೋಗುವವರಿಗೆ ನಡುವೆ ಇಳಿಯುವವರನ್ನು ಕಂಡರಾಗದು. ನಮ್ಮ ಭಾವ ಒಮ್ಮೆ ಹಾಗೆ ಹತ್ತಿ, ಇಳಿಯಲು ಬಾಗಿಲೇ ಸಿಗದೆ, ವಿರಾರ್ ದರ್ಶನ ಮಾಡಿ ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದರು. ಈ ಭಾವ ಮುಂದೆಯೂ ಬರುತ್ತಾರೆ.

ವಿಟಿ

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎಂಬುದು ಅದರ ಹೆಸರು. ಬೋರ್ಡಿನಲ್ಲಿ ಸಿಎಸ್‌ಎಂಟಿ, ಹಳಬರ ಬಾಯಲ್ಲಿ ಇನ್ನೂ ವಿಟಿ. ಗಾಡಿ ಇಳಿದ ಕೂಡಲೇ ಗೇಟ್‌ವೇ ಕಡೆಗೆ ಟ್ಯಾಕ್ಸಿ ಹುಡುಕಬೇಡಿ. ನೀವು ಇಳಿದ ಸ್ಟೇಷನ್ನೇ ನೋಡುವ ಜಾಗ, 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ರಸ್ತೆ ದಾಟಿ ನಗರಪಾಲಿಕೆಯ ಕಟ್ಟಡದ ಬದಿಯಲ್ಲಿ ನಿಂತು ಹಿಂದಿರುಗಿ ನೋಡಿ. 1878ರಲ್ಲಿ ಶುರು ಮಾಡಿ ಹತ್ತು ವರ್ಷ ಕಟ್ಟಿದ್ದು. ಗುಮ್ಮಟದ ತುದಿಯಲ್ಲಿ ಪ್ರಗತಿಯ ಪ್ರತೀಕವೆಂದು ನಿಲ್ಲಿಸಿದ ಹೆಣ್ಣಿನ ಮೂರ್ತಿ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಬ್ರಿಟನ್ನಿನ ಸಿಂಹ, ಇನ್ನೊಂದು ಕಡೆ ಭಾರತದ ಹುಲಿ. ಗೋಡೆಯಲ್ಲಿ ನವಿಲು, ಮಂಗ, ಎಲೆ, ಬಳ್ಳಿ. ಮಕ್ಕಳಿಗೆ ಎಣಿಸಲು ಹೇಳಿ, ನಿಮಗೆ ಅರ್ಧ ಗಂಟೆ ಬಿಡುವು ಸಿಗುತ್ತದೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಹೊರಟದ್ದು ಆಗ ಬೋರಿಬಂದರ್ ಎನ್ನುತ್ತಿದ್ದ ಇದೇ ಜಾಗದಿಂದ, ಹೋಗಿ ಸೇರಿದ್ದು ಠಾಣೆಗೆ. ಅಂದರೆ ನೀವು ಬೆಳಿಗ್ಗೆ ಬಂದದ್ದು ಅದೇ ದಾರಿಯಲ್ಲಿ.

ರಸ್ತೆಯ ನಡುವೆ ನಿಂತು ಸೆಲ್ಫಿ ಬೇಡ. ದಾಟಲು ಕೆಳಗೆ ಸಬ್‌ವೇ ಇದೆ. ಅದರೊಳಗಿನ ಅಂಗಡಿಗಳಲ್ಲಿ ಚಾರ್ಜರ್ ಕೊಳ್ಳಬೇಡಿ. ಊರಿಗೆ ಮುಟ್ಟುವ ಮೊದಲೇ ಕೆಟ್ಟಿರುತ್ತದೆ.

ಇಲ್ಲಿಂದ ಮುಂದೆ ಆಟೋ ಹುಡುಕುತ್ತಾ ನಿಲ್ಲಬೇಡಿ. ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಆಟೋ ಬರುವ ಹಾಗಿಲ್ಲ. ಕಾಳಿ ಪೀಳಿ ಟ್ಯಾಕ್ಸಿ, ಇಲ್ಲವೇ ಬೆಸ್ಟ್ ಬಸ್. ಬಸ್ಸಿನ ಹಣೆಯ ಮೇಲೆ ನಂಬರು ದೇವನಾಗರಿ ಅಂಕಿಯಲ್ಲಿರುತ್ತದೆ, ಇಂಗ್ಲಿಷ್ ಅಂಕಿ ಬದಿಯಲ್ಲಿ. ಬದಿ ಕಾಣುವಷ್ಟರಲ್ಲಿ ಬಸ್ ಹೋಗಿರುತ್ತದೆ. ಹತ್ತೇ ಅಂಕಿ, ರೈಲಿನಲ್ಲಿ ಕೂತು ಕಲಿತುಬಿಡಿ.

ಗೇಟ್‌ವೇ ಮತ್ತು ಎಲಿಫೆಂಟಾ

ಸೋಮವಾರ ಎಲಿಫೆಂಟಾ ಮುಚ್ಚಿರುತ್ತದೆ. ಇದನ್ನು ಮೂರು ಸಲ ಓದಿ.

ಭಾವನಿಗೆ ನಾನು ಮೂರಲ್ಲ, ಆರು ಸಲ ಹೇಳಿದ್ದೆ. "ಸೋಮವಾರ ಶಿವನ ವಾರ, ಅವತ್ತು ಶಿವನ ಗುಹೆ ಮುಚ್ಚುತ್ತಾರಾ? ನಿನಗೆ ಯಾರೋ ತಪ್ಪು ಹೇಳಿದ್ದಾರೆ ಮಾರಾಯ್ತಿ" ಎಂದು ಸೋಮವಾರವೇ ಹೊರಟರು. ಗೇಟ್‌ವೇ ಬಳಿ ಅರ್ಧ ಗಂಟೆ ದೋಣಿಯಲ್ಲಿ ಬಂದರು ಸುತ್ತಿಸಿ ತಂದು ಬಿಟ್ಟರಂತೆ. ಊರಿಗೆ ಫೋನ್ ಮಾಡಿ ಎಲಿಫೆಂಟಾ ನೋಡಿಯಾಯಿತು ಎಂದರು.

ಗೇಟ್‌ವೇ ಕಮಾನಿಗೆ ಹತ್ತು ಗಂಟೆಯ ಮೇಲೆ ಹೋಗಿ ಗರ್ದಿ ಎಂದು ಗೊಣಗಬಾರದು. ಮುಂಜಾನೆ ಹೋಗಿ, ಹಳದಿ ಕಲ್ಲಿನ ಮೇಲೆ ಬಿಸಿಲು ಬೀಳುವ ಹೊತ್ತಿಗೆ ಅಲ್ಲಿರಿ. ದೊರೆ ಐದನೇ ಜಾರ್ಜ್ 1911ರ ಡಿಸೆಂಬರಿನಲ್ಲಿ ಬಂದಿಳಿದ ನೆನಪಿಗೆ ಇದನ್ನು ಕಟ್ಟಿದರು, ಆದರೆ ಅಡಿಗಲ್ಲು ಬಿದ್ದದ್ದು 1913ರಲ್ಲಿ, ಉದ್ಘಾಟನೆ ಆದದ್ದು 1924ರಲ್ಲಿ. ದೊರೆ ಕಂಡದ್ದು ರಟ್ಟಿನ ಮಾದರಿಯೊಂದನ್ನು ಮಾತ್ರ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಇದೇ ಕಮಾನಿನ ಅಡಿಯಿಂದ ಹಡಗು ಹತ್ತಿತು. ಬರುವಾಗ ಇರಲಿಲ್ಲ, ಹೋಗುವಾಗ ಸರಿಯಾಗಿ ಸಿಕ್ಕಿತು. ಎದುರಿನ ತಾಜ್ ಹೋಟೆಲು 1903ರದ್ದು, ಗೇಟ್‌ವೇಗಿಂತ ಹಳೆಯದು. ಅದರ ಬಾಗಿಲಲ್ಲಿ ಇಣುಕುತ್ತಾ ನಿಲ್ಲಬೇಡಿ. ಆಲ್ಬಮ್ ಹಿಡಿದು ಬರುವ ಫೋಟೋದವರ ಹತ್ತಿರ ಮೊದಲು ದರ ಮಾತಾಡಿ, ಆಮೇಲೆ ನಗಿ. ಪಾರಿವಾಳಕ್ಕೆ ಕಾಳು ಎರಚಬಾರದು. ದಾದರಿನ ಕಬೂತರ್‌ಖಾನಾವನ್ನೇ 2025ರಲ್ಲಿ ಟಾರ್ಪಾಲು ಹೊದಿಸಿ ಮುಚ್ಚಿದ್ದಾರೆ. ಪುಣ್ಯ ಬೇಕಿದ್ದರೆ ಬೇರೆ ದಾರಿಗಳಿವೆ.

ಎಲಿಫೆಂಟಾಕ್ಕೆ ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ. ಸುಮಾರು ಒಂದು ಗಂಟೆಯ ದಾರಿ. ಲೈಫ್ ಜಾಕೆಟ್ ಹಾಕಿಕೊಳ್ಳಬೇಕು, ತೊಡೆಯ ಮೇಲೆ ಇಟ್ಟುಕೊಳ್ಳುವುದಲ್ಲ. "ನಾವು ಕಡಲ ಬದಿಯವರು, ಈಜು ಬರುತ್ತದೆ" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ನೌಕಾಪಡೆಯ ಸ್ಪೀಡ್‌ಬೋಟ್ ಬಂದು ಬಡಿದು ಪ್ರಯಾಣಿಕರ ದೋಣಿ ಮುಳುಗಿತು; ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಜೋರು ಮಳೆಗಾಲದಲ್ಲಿ ದೋಣಿ ಬಿಡದ ದಿನಗಳಿರುತ್ತವೆ. ಬಿಡದಿದ್ದರೆ ಜಗಳ ಮಾಡದೆ ಮನೆಗೆ ಬನ್ನಿ.

ದ್ವೀಪದಲ್ಲಿ ಇಳಿದ ಮೇಲೆ ನೂರರ ಮೇಲೆ ಮೆಟ್ಟಿಲು. ಎರಡೂ ಬದಿ ಮಾಲೆ, ಮೂರ್ತಿ, ಟೋಪಿ ಮಾರುವ ಅಂಗಡಿಗಳು. ಹತ್ತುವಾಗ ಒಂದಕ್ಕೂ ನಿಲ್ಲಬಾರದು, ಇಳಿಯುವಾಗ ನೋಡಿಕೊಳ್ಳಿ. ಕೈಯಲ್ಲಿ ತಿಂಡಿ ಇಟ್ಟುಕೊಳ್ಳಬೇಡಿ. ಅಲ್ಲಿನ ಮಂಗಗಳಿಗೆ ನೀರಿನ ಬಾಟಲಿಯ ಮುಚ್ಚಳ ತೆಗೆಯುವುದೂ ಬರುತ್ತದೆ.

ಒಳಗೆ ಹೋದ ಮೇಲೆ ಎರಡು ನಿಮಿಷ ಸುಮ್ಮನೆ ನಿಲ್ಲಿ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಕತ್ತಲೊಳಗಿಂದ ಒಂದೊಂದೇ ಮುಖ ಮೇಲೆ ಬರುತ್ತದೆ. ಈ ಎರಡು ನಿಮಿಷ ಕೊಡದೆ ಫ್ಲ್ಯಾಶ್ ಹೊಡೆಯುತ್ತಾ ಸುತ್ತುವವರು ಅಷ್ಟು ದೂರ ದೋಣಿಯಲ್ಲಿ ಬಂದದ್ದೇ ವ್ಯರ್ಥ. ಹಿಂಗೋಡೆಯಲ್ಲಿ ಸುಮಾರು ಇಪ್ಪತ್ತು ಅಡಿ ಎತ್ತರದ ಮೂರು ಮುಖ. ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಯಾರಾದರೂ ವಿವರಿಸಲು ಬಂದರೆ ತಲೆ ಆಡಿಸಿ, ನಂಬಬೇಡಿ. ಮೂರೂ ಶಿವನವೇ: ನಿಮ್ಮ ಎಡಕ್ಕೆ ಮೀಸೆಯ ಉಗ್ರ ಮುಖ, ಬಲಕ್ಕೆ ಕಮಲದ ಮೊಗ್ಗು ಹಿಡಿದ ಸೌಮ್ಯ ಮುಖ, ನಡುವೆ ಕಣ್ಣು ಮುಚ್ಚಿದ ಶಾಂತ ಮುಖ. ಅಲ್ಲೇ ಅರ್ಧನಾರೀಶ್ವರ, ಕಲ್ಯಾಣಸುಂದರ, ಕೈಲಾಸ ಅಲುಗಿಸುವ ರಾವಣ. ಪೋರ್ಚುಗೀಸರ ಕಾಲದಲ್ಲಿ ಬಹಳಷ್ಟು ಮೂರ್ತಿಗಳು ಭಗ್ನವಾದವು. ಇದ್ದದ್ದನ್ನು ನೋಡಿ, ಮುಟ್ಟಬೇಡಿ, ಒರಗಿ ನಿಲ್ಲಬೇಡಿ, ಕುಂಕುಮ ಹಚ್ಚಬೇಡಿ, ಕಾಯಿ ಒಡೆಯಬೇಡಿ.

"ಇದಕ್ಕಿಂತ ನಮ್ಮ ಬಾದಾಮಿಯೇ ಚಂದ" ಎಂದು ಗುಹೆಯೊಳಗೆ ನಿಂತು ಜೋರಾಗಿ ಹೇಳುವವರು ಪ್ರತಿ ಬ್ಯಾಚಿನಲ್ಲೂ ಒಬ್ಬರಿರುತ್ತಾರೆ. ಬಾದಾಮಿಯ ಅಭಿಮಾನ ಇದ್ದರೆ ಐಹೊಳೆಯನ್ನೂ ನೆನೆಯಿರಿ. ಅಲ್ಲಿನ ಮೇಗುಟಿಯಲ್ಲಿ 634ರಲ್ಲಿ ರವಿಕೀರ್ತಿ ಬರೆದ ಶಾಸನವಿದೆಯಲ್ಲ, ಅದರಲ್ಲಿ ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ ಪುರಿ ಎಂಬ ಕಡಲ ಪಟ್ಟಣವನ್ನು ಹಡಗುಗಳಿಂದ ಮುತ್ತಿದ ಸಂಗತಿ ಬರುತ್ತದೆ. ಆ ಪುರಿ ಈ ದ್ವೀಪವೇ ಎನ್ನುವ ವಿದ್ವಾಂಸರಿದ್ದಾರೆ. ಇದರ ನಿಜವಾದ ಹೆಸರು ಈಗಲೂ ಘಾರಾಪುರಿ. ಎಲಿಫೆಂಟಾ ಎಂದದ್ದು ಪೋರ್ಚುಗೀಸರು, ದಡದಲ್ಲಿದ್ದ ಕಲ್ಲಾನೆಯನ್ನು ಕಂಡು. ಆ ಆನೆ ದ್ವೀಪದಲ್ಲಿ ಇಲ್ಲ, ಹುಡುಕಬೇಡಿ. ಒಡೆದ ತುಂಡುಗಳನ್ನು ಜೋಡಿಸಿ ಬೈಖಲಾದ ರಾಣಿಬಾಗಿನಲ್ಲಿ ನಿಲ್ಲಿಸಿದ್ದಾರೆ. ಅಲ್ಲಿಗೆ ಬುಧವಾರ ರಜೆ.

ಕಾನ್ಹೇರಿ

ಇದು ಯಾರ ಪಟ್ಟಿಯಲ್ಲೂ ಇರುವುದಿಲ್ಲ, ನಾನು ಸೇರಿಸುತ್ತೇನೆ. ಜುಹೂ ಬಿಟ್ಟು ಇದಕ್ಕೆ ಹೋಗಿ. ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ, ಗೇಟಿನಿಂದ ಆರೇಳು ಕಿಲೋಮೀಟರು ಕಾಡಿನ ದಾರಿ. ಒಂದೇ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಭಿಕ್ಷುಗಳು ಕಡೆದ ಕಲ್ಲಿನ ಮಂಚ, ಮಳೆನೀರು ಹಿಡಿಯುವ ತೊಟ್ಟಿ, ಕಾಲುವೆ ಎಲ್ಲ ಹಾಗೇ ಇವೆ. ನೀರು ಹಿಡಿಯುವುದನ್ನು ಅಲ್ಲಿ ನೋಡಿ ಬಂದವರು ನಮ್ಮ ಸೊಸೈಟಿಯ ಬಕೆಟ್ ಬಗ್ಗೆ ಮಾತಾಡುವುದಿಲ್ಲ. ಇಲ್ಲಿನ ಒಂಬತ್ತನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ, ಅದೇ ನಮ್ಮ ನೃಪತುಂಗ. ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರಾಗಿದ್ದರು. ಬೆಂಗಳೂರಿನಲ್ಲಿ ಅವನ ಹೆಸರಿನ ರಸ್ತೆಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತವರು ಇಲ್ಲಿ ಬಂದು ಒಮ್ಮೆ ನೋಡಬೇಕು.

ಸೋಮವಾರ ಇದೂ ಇಲ್ಲ. ನೀರು ಒಯ್ಯಿರಿ, ಪ್ಲಾಸ್ಟಿಕ್ ಬಿಸಾಡಬೇಡಿ, ದಾರಿ ಬಿಟ್ಟು ಕಾಡಿಗೆ ನುಗ್ಗಬೇಡಿ. ಚಿರತೆ ಇದೆ ಎಂಬುದು ತಮಾಷೆಯಲ್ಲ.

ಕಡಲಿನ ಹೊತ್ತು

ಕುಂದಾಪುರದವರಿಗೆ ಭರತ ಇಳಿತ ಹೇಳಿಕೊಡುವ ಗತಿ ಬಂದಿದೆ ನನಗೆ. ಹಾಜಿ ಅಲಿ ದರ್ಗಾಕ್ಕೆ ಹೋಗುವ ಕಾಲುದಾರಿ ಭರತದ ಹೊತ್ತಿಗೆ ನೀರಿನಡಿ ಹೋಗುತ್ತದೆ. ಹೊರಡುವ ಮೊದಲು ಅಂದಿನ ಭರತದ ಸಮಯ ನೋಡಿ. ಕಾಲು ಭಾಗ ದಾರಿ ಒದ್ದೆಯಾಗಿರುವಾಗ ಓಡಿ ದಾಟಿಬಿಡುವ ಎಂದು ನುಗ್ಗಬಾರದು. ಹೋಗಲು ಓಡಬಹುದು, ಬರಲು ಗಂಟೆಗಟ್ಟಲೆ ಕಾಯಬೇಕು. ಒಳಗೆ ತಲೆಗೆ ಬಟ್ಟೆ ಹಾಕಿಕೊಳ್ಳಿ. ಹೆಂಗಸರೂ ಗೋರಿಯ ಬಳಿಗೆ ಹೋಗಬಹುದು. 2016ರಲ್ಲಿ ಹೈಕೋರ್ಟ್ ಹೇಳಿದ ಮೇಲೆ ಆ ತಡೆ ಇಲ್ಲ.

ಮರೀನ್ ಡ್ರೈವಿಗೆ ಸಂಜೆ ಹೋಗಿ, ಕಟ್ಟೆಯ ಮೇಲೆ ಕೂರಿ, ದೀಪ ಹತ್ತುವುದನ್ನು ನೋಡಿ, ಕಡಲೆ ತಿನ್ನಿ. ಕಟ್ಟೆ ಇಳಿದು ಆ ನಾಲ್ಕು ಕಾಲಿನ ಕಾಂಕ್ರೀಟ್ ಕಲ್ಲುಗಳ ಮೇಲೆ ಕಾಲಿಡಬಾರದು. ಪಾಚಿ ಇದೆ, ಸಂದಿಯಲ್ಲಿ ಸಿಕ್ಕಿಬಿದ್ದರೆ ಎಳೆಯಲು ಅಗ್ನಿಶಾಮಕದವರೇ ಬರಬೇಕು. ಮಳೆಗಾಲದಲ್ಲಿ ನಾಲ್ಕೂವರೆ ಮೀಟರಿನ ಭರತ ಎಂದು ಪೇಪರಿನಲ್ಲಿ ಬಂದ ದಿನ ಆ ಕಡೆಗೇ ಹೋಗಬಾರದು. ಕೂತಲ್ಲಿಂದ ಕಡಲಿಗೆ ಬೆನ್ನು ಹಾಕಿ ಕಟ್ಟಡಗಳನ್ನೂ ನೋಡಿ: ದುಂಡು ಮೂಲೆಯ ಬಾಲ್ಕನಿಗಳ ಆ ಸಾಲು ಆರ್ಟ್ ಡೆಕೋ ಶೈಲಿಯದು, 2018ರಲ್ಲಿ ವಿಶ್ವ ಪರಂಪರೆಗೆ ಸೇರಿತು.

ಸಿದ್ಧಿವಿನಾಯಕಕ್ಕೆ ಮಂಗಳವಾರ ಬೇಡ. ದೇವರು ಬುಧವಾರವೂ ಅಲ್ಲೇ ಇರುತ್ತಾನೆ. ಹರಿದ ಜೀನ್ಸ್, ಚಿಕ್ಕ ಸ್ಕರ್ಟ್ ಹಾಕಿದವರನ್ನು ಈಗ ಒಳಗೆ ಬಿಡುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿ.

ನಾನು ಕರೆದುಕೊಂಡು ಹೋಗದ ಜಾಗಗಳು

ಬ್ಯಾಂಡ್‌ಸ್ಟ್ಯಾಂಡಿನಲ್ಲಿ ನಟನ ಮನೆಯ ಗೇಟು. ಅದು ಗೇಟು, ಅಷ್ಟೇ. ಅಲ್ಟಾಮೌಂಟ್ ರಸ್ತೆಯ ಸಾಹುಕಾರರ ಮನೆ ನೋಡಲು ನಿಂತರೆ ಕಾವಲಿನವರು "ಚಲೋ ಚಲೋ" ಎನ್ನುತ್ತಾರೆ. ಅನ್ನಿಸಿಕೊಳ್ಳಲು ಮುಲುಂಡಿನಿಂದ ಅಷ್ಟು ದೂರ ಹೋಗಬೇಕಾಗಿಲ್ಲ.

ಧಾರಾವಿ. ಬಡತನ ನೋಡಲಿಕ್ಕೆ ಟಿಕೆಟ್ ಕೊಟ್ಟು ಹೋಗುವುದು ನನಗೆ ಸೇರದು. ಅಲ್ಲಿ ಚರ್ಮದ ಚೀಲ, ಮಣ್ಣಿನ ಮಡಕೆ ಕೊಳ್ಳಲು ಹೋಗುವುದಾದರೆ ಧಾರಾಳವಾಗಿ ಹೋಗಿ. ಗಿರಾಕಿಯಾಗಿ ಹೋಗಿ, ಜನರ ಹೊಸ್ತಿಲ ಒಳಗೆ ಮೊಬೈಲ್ ಚಾಚಬೇಡಿ. ಮಹಾಲಕ್ಷ್ಮಿಯ ಧೋಬಿ ಘಾಟನ್ನು ಸ್ಟೇಷನ್ ಪಕ್ಕದ ಸೇತುವೆಯ ಮೇಲಿಂದ ನೋಡಿದರೆ ಸಾಕು. ಕೆಳಗೆ ಜನ ಕೆಲಸದಲ್ಲಿರುತ್ತಾರೆ.

ಮಾಟುಂಗದಲ್ಲಿ

ಇಡ್ಲಿ ದೋಸೆ ಬಿಟ್ಟು ಮೂರು ದಿನ ಇರಲಾರದವರನ್ನು ಮಾಟುಂಗಕ್ಕೆ ಬಿಡುತ್ತೇನೆ. ಹೋಟೆಲಿನ ಹೊರಗೆ ಹೆಸರು ಬರೆಸಿ ಕಾಯಿರಿ. ಕರೆದಾಗ ಹೋಗಿ, ಯಾರ ಜೊತೆ ಟೇಬಲ್ ಹಂಚಿಕೊಟ್ಟರೂ ಕೂರಿ, ತಿಂದು ಏಳಿ. ಬಿಲ್ ಕೊಟ್ಟ ಮೇಲೆ ಕೂತು ಜಮೀನಿನ ವ್ಯಾಜ್ಯ ಮಾತಾಡಬಾರದು. ಹೊರಗೆ ನಲವತ್ತು ಜನ ನಿಂತಿರುತ್ತಾರೆ. ಬೀದಿ ಬದಿಯಲ್ಲಿ "ಮೈಸೂರು ಮಸಾಲ" ಎಂದು ಕಂಡರೆ ಮೈಸೂರಿನದೆಂದು ತಿಳಿಯಬೇಡಿ. ಕಾವಲಿಯ ಮೇಲೆಯೇ ಬೆಣ್ಣೆ, ತರಕಾರಿ, ಬೀಟ್‌ರೂಟು ಕಲಸಿ ಸವರುವ ಅದು ಮುಂಬೈಯ ಸ್ವಂತ ಸೃಷ್ಟಿ. ನನಗೆ ಇಷ್ಟ. ಮೈಸೂರಿನವರ ಎದುರು ಹೇಳುವುದಿಲ್ಲ.

ಇನ್ನೊಂದು. ಲೋಕಲಿನಲ್ಲಿ, ಬಸ್ಸಿನಲ್ಲಿ, ಹೋಟೆಲಿನಲ್ಲಿ "ಇವರಿಗೆಲ್ಲಿ ಅರ್ಥವಾಗುತ್ತದೆ" ಎಂದು ಎದುರು ಕೂತವರ ಮೂಗು, ಸೀರೆ, ಬಣ್ಣದ ಬಗ್ಗೆ ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಮಾತಾಡಲೇಬಾರದು. ಇಲ್ಲಿ ಎದುರು ಕೂತವರು ಮೂಡಬಿದಿರೆಯವರಿರುತ್ತಾರೆ, ಕಲಬುರಗಿಯವರಿರುತ್ತಾರೆ. ಅಕ್ಕ ಒಮ್ಮೆ ಘಾಟ್ಕೋಪರಿನಿಂದ ಠಾಣೆಯವರೆಗೆ ಒಬ್ಬ ಹೆಂಗಸಿನ ಜಡೆಯ ವಿಮರ್ಶೆ ಮಾಡಿದಳು. ಇಳಿಯುವಾಗ ಆಕೆ, "ಚೌರಿ ಅಲ್ಲ, ನನ್ನದೇ ಕೂದಲು" ಎಂದು ಹೇಳಿ ಹೋದರು. ಅಚ್ಚ ಕುಂದಗನ್ನಡದಲ್ಲಿ.

ಹೊರಡುವ ದಿನ

ಹೊರಡುವ ದಿನ ಏನನ್ನೂ ನೋಡುವ ಹಾಗಿಲ್ಲ, ಏನನ್ನೂ ಕೊಳ್ಳುವ ಹಾಗಿಲ್ಲ. ಊರಿನ ಗಾಡಿ ಮಧ್ಯಾಹ್ನದ್ದು ಎಂದ ಕೂಡಲೇ ಬೆಳಿಗ್ಗೆ ಪೂರ್ತಿ ಖಾಲಿ ಇದೆ ಎಂದು ಎಲ್ಲರಿಗೂ ಅನಿಸುತ್ತದೆ. ಭಾವನಿಗೂ ಅನಿಸಿತು. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಮಗಳಿಗೆ ಒಂದು ಸೂಟ್‌ಕೇಸ್, ಬರೇ ಒಂದು ಸೂಟ್‌ಕೇಸ್ ಎಂದು ಹತ್ತು ಗಂಟೆಗೆ ಹೋದರು. ಅವತ್ತು ಭಾನುವಾರ. ಮೆಗಾ ಬ್ಲಾಕ್. ಅವರು ಸೂಟ್‌ಕೇಸ್ ಸಮೇತ ಮುಲುಂಡಿಗೆ ಮುಟ್ಟುವ ಹೊತ್ತಿಗೆ ಮತ್ಸ್ಯಗಂಧ ಪನ್ವೇಲ್ ದಾಟಿತ್ತು. ಮೇ ತಿಂಗಳು, ಎಲ್ಲ ವೇಯ್ಟಿಂಗ್ ಲಿಸ್ಟು. ಬಸ್ಸು ಎಂದರೆ ಅವರಿಗೆ ವಾಂತಿ. ಮುಂದಿನ ಟಿಕೆಟ್ ಸಿಕ್ಕಿದ್ದು ಹನ್ನೊಂದು ದಿನಕ್ಕೆ.

ಎಲಿಫೆಂಟಾವನ್ನು ಅವರು ನೋಡಿದ್ದು ಆಗ. ಮಂಗಳವಾರ.